ಹೆಡ್ಲಿ ಬದಲಿಸಿದ ಎಂಜಿನ್

ನನ್ನ ತಮ್ಮ ಹೆಡ್ಲಿ ನ್ಯಾನ್ಕಿವೆಲ್ ಜನರನ್ನು ಅವರ ಕಾರಿನಿಂದಲೇ ಗುರುತಿಸುತ್ತಿದ್ದ. "ಹಸಿರು ಫಾಲ್ಕನ್ ತೀರಿಹೋದ್ಳಂತೆ ಎಲ್ವಾ," ಎಂದು ಬಂದು ಅಕ್ಕನಾದ ನನ್ನ ಹೆಸರು ಕರೆದು ಹೇಳುತ್ತಿದ್ದ. ಯಾರಪ್ಪಾ ಅದು ಎಂದು ನಾನು ತಲೆ ಕೆರೆದುಕೊಳ್ಳಬೇಕು. ನೋಡಿದರೆ ನಮ್ಮ ಚರ್ಚಿನಲ್ಲಿ ಮೂವತ್ತು ವರ್ಷ ಆರ್ಗನ್ ನುಡಿಸಿದ ಹೆಂಗಸು. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ, ಆದರೆ ಅವಳ ಗೇರ್‌ಬಾಕ್ಸಿನಲ್ಲಿ ಎರಡನೇ ಗೇರಿನ ಹಲ್ಲು ಸವೆದದ್ದು ಗೊತ್ತಿತ್ತು.

ಅಡಿಲೇಡಿನಿಂದ ಎರಡು ಗಂಟೆ ದಾರಿಯ ನಮ್ಮೂರು ಮೂಂಟಾದಲ್ಲಿ ಅವನು ನಲವತ್ತು ವರ್ಷ ಕಾರು ರಿಪೇರಿ ಮಾಡಿದ. ಅವನ ಶೆಡ್ಡು ನನ್ನ ಹಿತ್ತಲಿಗೆ ತಾಗಿಕೊಂಡಿತ್ತು. ಅದರಾಚೆ ಹಳೇ ಗಣಿಯ ಕೆಂಪು ಗುಡ್ಡೆಗಳು. ತಾಮ್ರ ತೆಗೆದು ಚೆಲ್ಲಿದ ಮಣ್ಣು ಅದು, ಅರವತ್ತು ವರ್ಷವಾದರೂ ಹುಲ್ಲು ಹುಟ್ಟಿರಲಿಲ್ಲ. ಬೀದಿಯಲ್ಲಿ ಕಾರು ಹೋದರೆ ಹೆಡ್ಲಿ ತಲೆ ಎತ್ತದೆ "ಮೂರನೇ ಪ್ಲಗ್" ಎನ್ನುತ್ತಿದ್ದ. ತಪ್ಪಿದ್ದನ್ನು ನಾನು ಕಾಣೆ. ಒಂದೇ ಒಂದು ಸಲ ತಪ್ಪಿದ.

ಅದು ಅವನ ಒಬ್ಬನೇ ಮಗ, ಆರಡಿ ಮೀರಿ ಬೆಳೆದಿದ್ದ ಕಾಲಿನ್ ವಿಷಯದಲ್ಲಿ. ಎಪ್ಪತ್ತನಾಲ್ಕರಲ್ಲಿ ಕಾಲಿನ್ ಪಶ್ಚಿಮಕ್ಕೆ ಗೋಧಿ ಕುಯ್ಲಿನ ಕೆಲಸಕ್ಕೆ ಹೊರಟಿದ್ದ. ತನ್ನ ಪಿಕಪ್ ಗಾಡಿ ಶುರು ಮಾಡಿದಾಗ ಒಳಗೆ ಏನೋ ತಟ್ಟಿತು. ಹೆಡ್ಲಿ ಕಿವಿಗೊಟ್ಟು, "ಟ್ಯಾಪೆಟ್ ಸಡಿಲ ಆಗಿದೆ, ವಾಪಸ್ ಬಂದ್ಮೇಲೆ ನೋಡ್ತೀನಿ, ಹೋಗು," ಎಂದ. ನಾಲ್ಕು ಗಂಟೆ ದೂರದ ಕಿಂಬಾ ಊರು ದಾಟಿದ ಮೇಲೆ, ಕಣ್ಣು ಹಾಯುವಷ್ಟು ದೂರ ನೇರವಾಗಿರುವ ರಸ್ತೆಯಲ್ಲಿ, ಗಾಡಿ ಪಕ್ಕಕ್ಕೆ ಇಳಿದು ಮಗುಚಿತ್ತು. ಮುಂದೆ ಹೋಗುತ್ತಿದ್ದ ಉದ್ದದ ಲಾರಿಯನ್ನು ದಾಟಲು ಹೋಗಿ ಎಂಜಿನ್ನಿಗೆ ಶಕ್ತಿ ಸಾಲಲಿಲ್ಲವೇನೋ ಎಂದರು ಪೊಲೀಸರು. ಯಾವ ಲಾರಿಯವನೂ ಬಂದು ಹೇಳಲಿಲ್ಲ. ಎಂಜಿನ್ ಬಿಚ್ಚಿ ನೋಡಿದರೆ ಎಲ್ಲ ನೆಟ್ಟಗಿತ್ತು, ವಾಲ್ವ್ ಒತ್ತುವ ಆ ಟ್ಯಾಪೆಟ್ ಕೂಡ.

ಕಾಲಿನ್ನನ ಮಗಳು ಕೆರಿನ್‌ಗೆ ಆಗ ಎಂಟು ವರ್ಷ. ಅವಳ ತಾಯಿ ಅಡಿಲೇಡಿನಲ್ಲಿ ಬೇರೆ ಮದುವೆಯಾದಳು. ಹುಡುಗಿಯನ್ನು ಹೆಡ್ಲಿ ಮತ್ತು ಅವನ ಹೆಂಡತಿ ಯೂನಾ ಬೆಳೆಸಿದರು, ನಾನೂ ಸ್ವಲ್ಪ ಕೈ ಜೋಡಿಸಿದೆ. ಯೂನಾ ತೀರಿಕೊಂಡ ಮೇಲೆ ಅವಳ ಹಳೇ ಹೋಲ್ಡನ್ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು.

ಎಂಬತ್ತೆಂಟರ ಜನವರಿಯಲ್ಲಿ ಕೆರಿನ್‌ಗೆ ಪಶ್ಚಿಮದ ಸೆಡೂನಾ ಊರಿನ ಆಸ್ಪತ್ರೆಯಿಂದ ಕಾಗದ ಬಂತು. ನರ್ಸ್ ಕೆಲಸ. ಊರಾಚೆಯ ಕುರಿ ಸಾಕುವವರ ಮನೆಗಳಿಗೂ ಹೋಗಿ ನೋಡಬೇಕು, ಆದ್ದರಿಂದ ಸ್ವಂತ ಕಾರು ಇರಲೇಬೇಕು. ಫೆಬ್ರವರಿ ಮೂರನೇ ಸೋಮವಾರ ಬೆಳಗ್ಗೆ ಎಂಟಕ್ಕೆ ಹಾಜರಾಗಬೇಕು. ಸೆಡೂನಾಕ್ಕೆ ಹೋಗುವ ದಾರಿ ಕಿಂಬಾದ ಮೇಲೆಯೇ.

ಹೆಡ್ಲಿ ಕಾಗದ ಓದಿ ಮಡಚಿಟ್ಟ. "ಯೂನಾ ಕಾರು ತಗೊಂಡು ಹೋಗು. ಎಂಜಿನ್ ನಾನು ಬೇರೆ ಹಾಕ್ತೀನಿ," ಎಂದ.

"ಇರೋದಕ್ಕೇನಾಗಿದೆ ಪಾಪ್? ಓಡ್ತದಲ್ಲ," ಎಂದಳು ಕೆರಿನ್. ತಾತನನ್ನು ಅವಳು ಪಾಪ್ ಎಂದೇ ಕರೆಯುವುದು.

"ಓಡ್ತದೆ. ದಾಟಲ್ಲ. ಆ ರಸ್ತೇಲಿ ಮೂರು ಟ್ರೈಲರ್ ಕಟ್ಕೊಂಡ ಲಾರಿಗಳು ಹೋಗ್ತವೆ. ದಾಟೋಕೆ ಹೊರಟ್ರೆ ದಾಟಿಬಿಡಬೇಕು. ಮಧ್ಯದಲ್ಲಿ ಯೋಚನೆ ಮಾಡೋ ಹಾಗಿರಬಾರದು."

ಅವನು ಕಡೀನಾ ದಾರಿಯಲ್ಲಿದ್ದ ಲಿಂಡ್ನರ್‌ನ ಗುಜರಿಗೆ ಹೋದ. ನಾನೂ ಜೊತೆಗೆ ಹೋಗಿದ್ದೆ. ಲಿಂಡ್ನರ್ ಎಂಟು ಸಿಲಿಂಡರಿನ ಒಂದು ದೊಡ್ಡ ಕಾರು ತೋರಿಸಿದ. ಹಿಂಭಾಗ ಅಪ್ಪಚ್ಚಿ, ಮುಂಭಾಗಕ್ಕೆ ಒಂದು ಗೀರೂ ಇಲ್ಲ.

"ಯಾರದ್ದು?" ಎಂದ ಹೆಡ್ಲಿ. "ಸತ್ತವರದ್ದು ನನಗೆ ಬೇಡ."

"ಎಲ್ಲಿ ಸಾಯ್ತಾಳೆ ಮಾರಾಯ. ಎಪ್ಪತ್ತೆಂಟು ವರ್ಷದ ಮುದುಕಿ, ನಿಂತಿರೋವಾಗ ಹಿಂದಿನಿಂದ ಟ್ರ್ಯಾಕ್ಟರ್ ಗುದ್ದಿದೆ. ನಿನ್ನೆ ಫೋನ್ ಮಾಡಿ ಅರ್ಧ ಗಂಟೆ ಬೈದ್ಳು, ಸೀಟಿನ ಕೆಳಗೆ ಅವಳ ಹಲ್ಲಿನ ಸೆಟ್ ಇದ್ಯಂತೆ, ಹುಡುಕಿಕೊಡ್ಬೇಕಂತೆ."

"ಸಿಕ್ತಾ?"

"ಸಿಕ್ತು. ನಗ್ತಾ ಇತ್ತು."

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲೆ ಊರಲ್ಲಿ ಕೆಲವರು ಅದು ಹೆಣ ಹೊತ್ತ ಎಂಜಿನ್ ಎಂದು ಕಥೆ ಕಟ್ಟಿದರು. ಹಾಗೇನೂ ಇರಲಿಲ್ಲ. ಆ ಮುದುಕಿ ನಂತರವೂ ಹತ್ತು ವರ್ಷ ಇದ್ದಳು.

ಹಳೇ ಕಾರಿಗೆ ಬೇರೆ ಎಂಜಿನ್ ಕೂರಿಸುವುದು ಪಾತ್ರೆಗೆ ಮುಚ್ಚಳ ಬದಲಿಸಿದ ಹಾಗಲ್ಲ. ದಿನವೂ ಟೀ ಕೊಡಲು ಹೋಗುತ್ತಿದ್ದ ನಾನೇ ಅರ್ಧ ಕಲಿತುಬಿಟ್ಟೆ. ಎಂಟು ಸಿಲಿಂಡರಿನದು ಅಗಲ, ಅದಕ್ಕೆ ಕೂರುವ ಬ್ರಾಕೆಟ್ ಹೊಸದಾಗಿ ಮಾಡಬೇಕು. ತೂಕ ಜಾಸ್ತಿ, ಮುಂದಿನ ಸ್ಪ್ರಿಂಗ್ ಬದಲಿಸಬೇಕು. ಬಲ ಜಾಸ್ತಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್ ಬದಲಿಸದಿದ್ದರೆ ಮೊದಲ ದಿನವೇ ಮುರಿಯುತ್ತದೆ. ಅದನ್ನೂ ಗೇರ್‌ಬಾಕ್ಸನ್ನೂ ಮುದುಕಿಯ ಕಾರಿನಿಂದಲೇ ತಂದ. ಎರಡರ ನಡುವಿನ ಉದ್ದದ ಶಾಫ್ಟನ್ನು ಮೂರು ಬೆರಳಷ್ಟು ಕತ್ತರಿಸಿ ಮತ್ತೆ ಬೆಸೆದ. ಹೊಗೆಯ ಕೊಳವೆ ಸ್ಟಿಯರಿಂಗಿನ ಕಂಬಿಗೆ ತಾಗುತ್ತಿತ್ತು, ಅದನ್ನು ಕಾಯಿಸಿ ಬಗ್ಗಿಸಿದ. ಬ್ರೇಕುಗಳೂ ಹೊಸವು. ಬಿಚ್ಚಿದ ಬೋಲ್ಟುಗಳೆಲ್ಲ ತಂಬಾಕಿನ ಡಬ್ಬಿಗಳಲ್ಲಿ ಇರುತ್ತಿದ್ದವು, ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ. ಅವನೂ ನನ್ನ ಹಾಗೆಯೇ, ಶಾಲೆಯಲ್ಲಿ ಹೆಚ್ಚು ದಿನ ಕೂತವನಲ್ಲ.

ಎಂಜಿನ್ ಒಳಗಿಳಿಸುವ ದಿನ ಮಧ್ಯಾಹ್ನ ಮೂರು ಗಂಟೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ಕಾಗೆಗಳೂ ಬಾಯಿ ತೆರೆದು ಸುಮ್ಮನೆ ಕೂತಿದ್ದವು. ಎಂಜಿನ್ ತೊಲೆಗೆ ಕಟ್ಟಿದ ಸರಪಳಿಯಲ್ಲಿ ತೂಗುತ್ತಿತ್ತು. ಅದರಲ್ಲಿ ಆಯಿಲ್ ಇಲ್ಲ, ಪೆಟ್ರೋಲಿಲ್ಲ, ಪ್ಲಗ್ ಇಲ್ಲ. ನಾನು ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಪಾಸ್ಟಿ ಕಡುಬಿನ ತಟ್ಟೆ ಹಿಡಿದು ಒಳಗೆ ಬಂದಾಗ ಹೆಡ್ಲಿ ಸರಪಳಿ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತಿದ್ದ.

"ತಟ್ತು," ಎಂದ.

"ಏನು?"

"ಮೂರು ಸಲ. ಆಮೇಲೆ ತಡೆದು ಒಂದು ಸಲ."

"ಗಾಳೀಲಿ ನೇತಾಡ್ತಿರೋ ಕಬ್ಬಿಣ ಎಲ್ಲಿ ತಟ್ಟುತ್ತೋ. ಮೊದಲು ಕೂತ್ಕೊಂಡು ತಿನ್ನು. ಬಿಸಿಲು ತಲೆಗೇರಿದೆ ನಿನಗೆ."

ಅವನು ತಿಂದ. ತುದಿಯ ಗಟ್ಟಿ ಭಾಗ ತಿನ್ನದೆ ಬೆಂಚಿನ ಮೂಲೆಯಲ್ಲಿಟ್ಟ. ಅದೇನೂ ಹೊಸದಲ್ಲ. ನಮ್ಮ ಅಜ್ಜಂದಿರು ಕಡಲಾಚೆಯ ಕಾರ್ನ್‌ವಾಲಿನಿಂದ ಬಂದು ಇಲ್ಲಿ ಗಣಿಗೆ ಇಳಿದವರು. ನೆಲದಡಿ ತಟ್ಟುವವರಿದ್ದಾರೆ, ಕಲ್ಲು ಕುಸಿಯುವ ಮೊದಲು ತಟ್ಟಿ ತಿಳಿಸುತ್ತಾರೆ, ಅವರಿಗೆ ಪಾಸ್ಟಿಯ ತುದಿ ಬಿಡಬೇಕು ಎಂದು ನಂಬಿದವರು. ನಾವು ಗಣಿ ಮುಚ್ಚಿದ ಮೇಲೆ ಹುಟ್ಟಿದವರು. ಆದರೂ ತುದಿ ಬಿಡುವುದು ಮಾತ್ರ ನಿಲ್ಲಲಿಲ್ಲ.

ಹೆಡ್ಲಿ ಎಂಜಿನ್ನನ್ನು ಒಳಗಿಳಿಸಲಿಲ್ಲ. ಬೆಂಚಿಗೆ ತಂದು ಪೂರಾ ಬಿಚ್ಚಿದ. ಮೂರು ದಿನ ಹಿಡಿಯಿತು. ಪಿಸ್ಟನ್, ಬೇರಿಂಗ್, ಎಲ್ಲ ಅಚ್ಚುಕಟ್ಟು. ಹೊಸ ಬೇರಿಂಗ್ ಹಾಕಿ ಜೋಡಿಸಿ, ಕಾರಿಗೆ ಇಳಿಸಿ, ಕೀಲಿ ತಿರುಗಿಸಿದ. ಬಟ್ಟೆ ಹೊಲಿಯುವ ಮೆಷೀನಿನ ಹಾಗೆ ಓಡಿತು. ಕೆರಿನ್ ಚಪ್ಪಾಳೆ ಹೊಡೆದಳು. ಅರ್ಧ ಗಂಟೆ ಓಡಿಸಿ ಆರಿಸಿದ. ಮೂವರೂ ಅಲ್ಲೇ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಅವನ ಮುಖ ಬದಲಾಯಿತು.

"ಬಿಸಿ ಕಬ್ಬಿಣ ಆರೋವಾಗ ಟಿಕ್ ಟಿಕ್ ಅನ್ನುತ್ತೆ ಪಾಪ್," ಎಂದಳು ಕೆರಿನ್. "ನೀವೇ ಹೇಳಿಕೊಟ್ಟಿದ್ದು."

"ಆರೋ ಕಬ್ಬಿಣ ಲೆಕ್ಕ ಇಟ್ಟು ಸದ್ದು ಮಾಡಲ್ಲ ಮಗಳೇ."

ಎರಡನೇ ಸಲ ಎಂಜಿನ್ ಹೊರಗೆ ಬಂತು. ಅಷ್ಟರಲ್ಲಿ, ಎಂಜಿನ್ ಬದಲಿಸಿದ ಕಾರು ರಸ್ತೆಗಿಳಿಯಲು ಒಪ್ಪಿಗೆ ಕೊಡುವ ಸರ್ಕಾರದ ತಪಾಸಣೆಯವನು ಬರುವ ದಿನವಾಗಿತ್ತು, ಇನ್ನೊಂದು ದಿನ ಬಾ ಎಂದು ಕಳಿಸಿದೆವು. ಮತ್ತೆ ಏನೂ ಸಿಗಲಿಲ್ಲ. ಮತ್ತೆ ಇಳಿಸಿದ. ತಪಾಸಣೆಯವನು ಶುಕ್ರವಾರ ಬಂದು, ಬ್ರೇಕ್ ತುಳಿದು, ಕೆಳಗೆ ಮಲಗಿ ನೋಡಿ, "ಇಷ್ಟು ನೀಟಾಗಿ ಕೂರಿಸಿದ್ದನ್ನ ನಾನು ನೋಡಿಲ್ಲ," ಎಂದು ಮುದ್ರೆ ಒತ್ತಿ ಹೋದ. ಹೆಡ್ಲಿ ಆ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವನ ಕಿವಿ ಬಾನೆಟ್ಟಿನ ಕಡೆಗಿತ್ತು.

ಶನಿವಾರ ಬೆಳಗ್ಗೆ ಕೆರಿನ್ ನನ್ನ ಅಡುಗೆಮನೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಬಿಳಿ ಯೂನಿಫಾರಂ ನಾಲ್ಕು.

"ಇನ್ನೊಂದು ಸಲ ಬಿಚ್ಚಿದ್ರೆ ಸೋಮವಾರ ಆಗಲ್ಲ ಆಂಟಿ," ಎಂದಳು. "ಆ ಕೆಲಸಕ್ಕೆ ಇನ್ನೊಬ್ಳು ಕಾಯ್ತಾ ಇದ್ದಾಳೆ. ನಾನು ಹೋಗಿಲ್ಲ ಅಂದ್ರೆ ಅವಳಿಗೇ. ಆಮೇಲೆ ನಾನು ಇಲ್ಲೇ ಬೇಕರೀಲಿ ಬನ್ ಕಟ್ಟಿಕೊಡ್ತಾ ಪಾಪ್‌ನ ನೋಡ್ಕೊಂಡು ಇರೋದು."

"ಬನ್ ಕಟ್ಟೋದೇನು ಕೆಟ್ಟದ್ದಾ?"

"ನೀವು ಕಟ್ಟಿ ನೋಡಿ."

ಅವಳು ನಗಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಒಂದೇ ಜಾಗದಲ್ಲಿ ಹಿಡಿದಿದ್ದಳು. ಬಟ್ಟೆ ಕಂದು ಬಣ್ಣಕ್ಕೆ ತಿರುಗುವುದರೊಳಗೆ ನಾನು ಕೈ ಹಿಡಿದು ಎತ್ತಿದೆ.

ನಡುಮಧ್ಯಾಹ್ನ ಊಟದ ತಟ್ಟೆ ಹಿಡಿದು ಶೆಡ್ಡಿಗೆ ಹೋದೆ. ಹೆಡ್ಲಿ ಕೈ ತೊಳೆಯಲು ಮನೆಯೊಳಗೆ ಹೋಗಿದ್ದ. ತಗಡಿನ ತೂತುಗಳಿಂದ ಬಿಸಿಲು ದಾರದ ಹಾಗೆ ಇಳಿದಿತ್ತು. ಹಿಂದಿನ ದಿನದಿಂದ ಆ ಕಾರನ್ನು ಯಾರೂ ಶುರು ಮಾಡಿರಲಿಲ್ಲ. ತಟ್ಟೆ ಇಡಲು ಜಾಗ ಇಲ್ಲದೆ ಬಾನೆಟ್ಟಿನ ಮೇಲಿಟ್ಟೆ.

ತಟ್ಟೆಯ ಮೇಲಿನ ಚಮಚ ಅದುರಿತು. ಮೂರು ಸಲ. ಆಮೇಲೆ ಒಂದು ಸಲ.

ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಅಷ್ಟು ಬಿಸಿಲಿನಲ್ಲೂ ಅದು ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಅಂಗೈಯ ಕೆಳಗೆ ಮತ್ತೆ ತಟ್ಟಿತು. ಒಳಗಿನಿಂದ ಯಾರೋ ಬೆರಳ ಗಿಣ್ಣಿನಿಂದ, ಬಾಗಿಲು ತೆಗೆಯಿರಿ ಎಂದು ಮರ್ಯಾದೆಯಿಂದ ತಟ್ಟಿದ ಹಾಗೆ. ಸಿಟ್ಟಿನ ತಟ್ಟಲ್ಲ ಅದು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಹೆಡ್ಲಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದ.

"ಕೇಳಿಸ್ತಲ್ವಾ?"

"ಏನು?"

"ಎಲ್ವಾ. ನಿಜ ಹೇಳು."

ಇಸ್ತ್ರಿ ಹಾಕಿದ ನಾಲ್ಕು ಯೂನಿಫಾರಂ ನನ್ನ ಕಣ್ಣ ಮುಂದೆ ಇದ್ದವು. ಹೌದು ಎಂದರೆ ಅವನು ಈಗಲೇ ಸರಪಳಿ ಇಳಿಸುತ್ತಾನೆ, ಹುಡುಗಿಯ ಬಾಳು ಇಲ್ಲೇ ಮುಗಿಯುತ್ತದೆ ಎನಿಸಿತು.

"ನನಗೇನೂ ಕೇಳಿಸಲಿಲ್ಲ," ಎಂದೆ.

ಅವನು ಕೈಯಲ್ಲಿದ್ದ ಟವೆಲನ್ನು ಮೊಳೆಗೆ ತೂಗುಹಾಕಿದ. ಆಮೇಲೆ, "ಹಾಗಾದ್ರೆ ನಾನೊಬ್ಬನೇ," ಎಂದ. ದನಿಯಲ್ಲಿ ಏನೋ ಇಳಿದ ಹಾಗಿತ್ತು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ತಟ್ಟೆ ಎತ್ತಿಕೊಂಡು ಬಂದುಬಿಟ್ಟೆ.

ನಮ್ಮ ಅಜ್ಜನ ಕಾಲದಲ್ಲಿ ನಮ್ಮ ಮನೆಯ ಗಂಡಸರಿಗೆ ಒಂದು ನೇಮ ಇತ್ತು. ಸುರಂಗದಲ್ಲಿ ತಟ್ಟು ಕೇಳಿದರೆ ಎಲ್ಲರೂ ಮೇಲೆ ಬರಬೇಕು. ಮರುದಿನ ಕೇಳಿದವನೇ ಮೊದಲು ಒಳಗೆ ಹೋಗಬೇಕು. ಇಬ್ಬರು ಕೇಳಿದ್ದರೆ ಇಬ್ಬರೂ ಜೊತೆಯಾಗಿ. ಒಬ್ಬನೇ ಕೇಳಿದ್ದರೆ ಒಬ್ಬನೇ. ಅವನು ಒಳಗಿನಿಂದ ಕೂಗಿ ಹೇಳುವವರೆಗೆ ಬೇರೆಯವರು ಕಾಲಿಡುವ ಹಾಗಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅದು ಗಣಿಗೆ, ಕಾರಿಗಲ್ಲ ಎಂದುಕೊಂಡಿದ್ದೆ.

ಭಾನುವಾರ ಬೆಳಗ್ಗೆ ಕೆರಿನ್ ಬರಿಗಾಲಲ್ಲಿ ಓಡಿ ಬಂದಳು. "ಪಾಪ್ ಕಾರು ತಗೊಂಡು ಹೋಗಿದ್ದಾರೆ." ಮೇಜಿನ ಮೇಲೆ ಚೀಟಿ ಇತ್ತು: ಮೊದಲು ನಾನು ಹೋಗಿ ಬರ್ತೀನಿ. ಸಂಜೆಯೊಳಗೆ ಕಾರು ನಿನ್ನ ಕೈಲಿರ್ತದೆ. ಸಾಮಾನು ಕಟ್ಟಿಡು.

"ಹೋಗೋಕೆ ಆರುನೂರು ಕಿಲೋಮೀಟರು, ಬರೋಕೆ ಆರುನೂರು, ಇವರಿಗೇನು ಹುಚ್ಚಾ?" ಎಂದಳು. ಅವನು ಸೆಡೂನಾವರೆಗೆ ಹೋಗುವುದಿಲ್ಲ, ಎಲ್ಲಿವರೆಗೆ ಹೋಗುತ್ತಾನೆ ಎಂದು ನನಗೆ ಗೊತ್ತಿತ್ತು.

ಹನ್ನೊಂದೂವರೆಗೆ ಫೋನ್ ಬಂತು. ಕಿಂಬಾದ ಪೆಟ್ರೋಲ್ ಬಂಕಿನಿಂದ.

"ಸದ್ದಿಲ್ಲ ಎಲ್ವಾ," ಎಂದ. ಎಷ್ಟೋ ವರ್ಷಗಳಿಂದ ಅವನ ದನಿ ಅಷ್ಟು ಹಗುರವಾಗಿ ಕೇಳಿರಲಿಲ್ಲ. "ಇಲ್ಲೀವರೆಗೂ ಒಂದು ಸಲಾನೂ ಇಲ್ಲ. ಎರಡು ಲಾರಿ ದಾಟಿದೆ, ಬೆಣ್ಣೇಲಿ ಚಾಕು ಹೋದ ಹಾಗೆ. ಇನ್ನೊಂದು ಸ್ವಲ್ಪ ದೂರ ಹೋಗಿ ತಿರುಗ್ತೀನಿ."

"ಅಲ್ಲಿಂದ್ಲೇ ತಿರುಗು ಹೆಡ್ಲಿ."

"ಯಾಕೆ? ನಿನಗೇನಾದ್ರೂ..."

ಆಗ ಹೇಳಬಹುದಿತ್ತು. ಕೆರಿನ್ ಪಕ್ಕದಲ್ಲೇ ನಿಂತು ಫೋನಿಗೆ ಕೈ ಚಾಚಿದ್ದಳು. ನಾನು ಫೋನನ್ನು ಅವಳ ಕೈಗೆ ಕೊಟ್ಟೆ.

ಎರಡು ಗಂಟೆಯ ಹೊತ್ತಿಗೆ ಒಬ್ಬ ಲಾರಿ ಡ್ರೈವರ್ ಅವನನ್ನು ಕಂಡ. ಕಾರು ಊರ ಕಡೆ ಮುಖ ಮಾಡಿ, ರಸ್ತೆಯ ಪಕ್ಕ ಅಂದವಾಗಿ ನಿಂತಿತ್ತು. ಎಂಜಿನ್ ಸಣ್ಣಗೆ ಓಡುತ್ತಲೇ ಇತ್ತು. ಹ್ಯಾಂಡ್ ಬ್ರೇಕ್ ಎಳೆದಿತ್ತು. ಕಾರಿನ ಡ್ರೈವರ್ ಸೀಟಿನ ಬಾಗಿಲು ಪೂರಾ ತೆರೆದಿತ್ತು. ಹೆಡ್ಲಿ ಆ ಸೀಟಿನಲ್ಲಿರಲಿಲ್ಲ, ಅದರ ಪಕ್ಕದ ಸೀಟಿನಲ್ಲಿದ್ದ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಕರೆದುಕೊಂಡು ಹೋಗುತ್ತಿದ್ದಾರೆ ಎಂಬ ಹಾಗೆ ಹಿಂದಕ್ಕೊರಗಿ ಕೂತಿದ್ದ. ಜೀವ ಇರಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಎದೆ ನೋವು ಬಂದು ನಿಲ್ಲಿಸಿ, ಮಲಗಲು ಆ ಕಡೆ ಸರಿದಿರಬೇಕು ಎಂದರು ಪೊಲೀಸರು. ಕಾಲಿನ್ ಬಿದ್ದ ಜಾಗ ಅಲ್ಲಿಂದ ಎಷ್ಟು ದೂರ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಸೆಡೂನಾದ ಆಸ್ಪತ್ರೆಯವರು ಕೆರಿನ್‌ಗೆ ಒಂದು ವಾರ ಕೊಟ್ಟರು. ಅಷ್ಟೇ, ಮುಂದಿನ ಸೋಮವಾರ ತಪ್ಪಿದರೆ ಇಲ್ಲ. ಹೆಡ್ಲಿಯನ್ನು ಗುರುವಾರ ಮಣ್ಣು ಮಾಡಿದೆವು. ಭಾನುವಾರ ಬೆಳಗ್ಗೆ ಲಿಂಡ್ನರ್ ತನ್ನ ಗಾಡಿಯಲ್ಲಿ ನಮ್ಮಿಬ್ಬರನ್ನೂ ಕಿಂಬಾಕ್ಕೆ ಕರೆದುಕೊಂಡು ಹೋದ. ಪೂರಾ ದಾರಿ ಅವನು ಒಂದು ಚೇಷ್ಟೆಯ ಮಾತೂ ಆಡಲಿಲ್ಲ.

ಕಾರು ಪೊಲೀಸ್ ಠಾಣೆಯ ಹಿಂದೆ ಇತ್ತು. "ಎಳೆದುಕೊಂಡೇ ಬಂದಿದ್ದು. ಲಾರಿಯವನು ಕೈ ಚಾಚಿ ಕೀಲಿ ಆರಿಸಿದ ಅಷ್ಟೇ. ಒಳಗೆ ಯಾರೂ ಕೂತಿಲ್ಲ," ಎಂದು ಪೊಲೀಸಿನವನು ಕೀಲಿ ಕೊಟ್ಟ. ಕೆರಿನ್ ಹತ್ತಿ ಕೂತಳು. ಅವಳ ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟು ತನ್ನ ಹಳಿಯ ಕೊನೆಯ ಹಲ್ಲಿನವರೆಗೆ ಹಿಂದಕ್ಕೆ ಹೋಗಿತ್ತು. ಹೆಡ್ಲಿ ನನಗಿಂತ ಗಿಡ್ಡ, ಮೂಗು ಸ್ಟಿಯರಿಂಗಿಗೆ ತಾಗುವ ಹಾಗೆ ಕೂರುತ್ತಿದ್ದವನು. ನಮ್ಮ ಮನೆಯಲ್ಲಿ ಉದ್ದ ಕಾಲಿನವನು ಒಬ್ಬನೇ ಇದ್ದ.

ಅವಳು ನನ್ನನ್ನು ನೋಡಿದಳು. "ಆಂಟಿ, ನೀವು ಶೆಡ್ಡಲ್ಲಿ ಇದ್ರಲ್ಲ ಶನಿವಾರ. ನಿಮಗೆ ಕೇಳಿಸ್ತಾ?"

ಲಿಂಡ್ನರ್ ತನ್ನ ಬೂಟು ನೋಡಿಕೊಂಡ.

"ಕೇಳಿಸ್ತು," ಎಂದೆ. "ಅವನಿಗೆ ಇಲ್ಲ ಅಂದೆ. ಹೌದು ಅಂದಿದ್ರೆ ನಾನೂ ಅವನ ಜೊತೆ ಹೋಗ್ಬೇಕಿತ್ತು."

ಅವಳು ಬೈಯುತ್ತಾಳೆ ಎಂದುಕೊಂಡೆ. ಅವಳು ಸೀಟಿನ ಕೆಳಗಿನ ಸಲಾಕೆ ಹಿಡಿದು ಮುಂದಕ್ಕೆ ಎಳೆದುಕೊಂಡಳು. ಒಂದೊಂದು ಹಲ್ಲು ದಾಟಿದಾಗಲೂ ಸದ್ದಾಯಿತು. "ಹಾಗಾದ್ರೆ ಈಗ ಬನ್ನಿ," ಎಂದಳು.

ನಾನು ಹೆಡ್ಲಿ ಕೂತಿದ್ದ ಸೀಟಿನಲ್ಲಿ ಕೂತೆ. ನನ್ನ ಬಳಿ ಕೈಚೀಲ ಬಿಟ್ಟರೆ ಉಟ್ಟ ಬಟ್ಟೆ ಮಾತ್ರ. ಲಿಂಡ್ನರ್ ನನ್ನ ಕಡೆಯ ಬಾಗಿಲು ಮೆಲ್ಲಗೆ ಮುಚ್ಚಿದ.

ಕಿಂಬಾ ಹಿಂದೆ ಬಿತ್ತು. ಎರಡೂ ಕಡೆ ಬೂದು ಬಣ್ಣದ ಮ್ಯಾಲಿ ಪೊದೆ, ನಡುವೆ ರಸ್ತೆ. ಎಂಜಿನ್ ಇದೆಯೋ ಇಲ್ಲವೋ ಎಂಬಷ್ಟು ಮೆತ್ತಗೆ ಓಡುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಮುಂದೆ ಒಂದು ಲಾರಿ ಕಾಣಿಸಿತು, ಮೂರು ಟ್ರೈಲರಿನದು. ಕೆರಿನ್ ಅದರ ಧೂಳಿನ ಹಿಂದೆ ತುಂಬ ಹೊತ್ತು ಹೋದಳು.

"ಕೇಳಿಸ್ತಾ ಇದ್ಯಾ?"

ನಾನು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಒತ್ತಿ ಹಿಡಿದೆ. ಕಣ್ಣು ಮುಚ್ಚಿದೆ.

"ಇಲ್ಲ."

"ಪಾಪ್‌ಗೆ ಹೇಳಿದ ಹಾಗಾ?"

"ಅಲ್ಲ ಮಗಳೇ. ನಿಜವಾಗ್ಲೂ ಇಲ್ಲ."

ಅವಳು ಬಲಕ್ಕೆ ತಿರುಗಿಸಿ ತುಳಿದಳು. ಬೆನ್ನು ಸೀಟಿಗೆ ಅಂಟಿತು. ಮೊದಲ ಟ್ರೈಲರ್, ಎರಡನೆಯದು, ಮೂರನೆಯದು ನನ್ನ ಕಿಟಕಿಯಲ್ಲಿ ಗೋಡೆಯ ಹಾಗೆ ಸರಿದವು. ಡ್ರೈವರಿನ ಮಟ್ಟಕ್ಕೆ ಬಂದಾಗ ಅವನು ಮೇಲಿನಿಂದ ನಮ್ಮ ಕಾರಿನೊಳಗೆ ನೋಡಿದ. ಇಲ್ಲಿನ ರಸ್ತೆಯ ರೂಢಿಯಂತೆ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿದ, ನಮಗೆ. ಆಮೇಲೆ ಅವನ ಕಣ್ಣು ನಮ್ಮ ಹಿಂದಿನ ಸೀಟಿಗೆ ಹೋಯಿತು. ಅಲ್ಲಿಗೂ ತಲೆಯಾಡಿಸಿ, ಇನ್ನೊಂದು ಸಲ ಬೆರಳೆತ್ತಿದ.

ಲಾರಿ ಹಿಂದೆ ಬಿತ್ತು. ಕೆರಿನ್ ಕೈ ಮೇಲಕ್ಕೆ ಹೋಗಿ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿತು. ನಾನೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಸೆಡೂನಾ ತಲುಪುವವರೆಗೆ ಇಬ್ಬರೂ ಕತ್ತು ನೋವು ಬರುವಷ್ಟು ನೆಟ್ಟಗೆ ಕೂತಿದ್ದೆವು.

ಸೋಮವಾರ ಬೆಳಗ್ಗೆ ಎಂಟಕ್ಕೆ ಅವಳು ಕೆಲಸಕ್ಕೆ ಸೇರಿದಳು.